ನಾಲ್ಕನೆಯದು, ಐದನೆಯದು

“ನಾಲ್ಕನೆಯದು?” ಎಂದರು ಮೇಷ್ಟ್ರು, ಕಾಗದದಿಂದ ತಲೆ ಎತ್ತದೆ.

“ಡೊನೆಪೆಜಿಲ್, ಹತ್ತು ಮಿಲಿಗ್ರಾಂ,” ಎಂದು ಸೊಸೆ ಮಾತ್ರೆ ಪಟ್ಟಿಯ ಬೆನ್ನು ನೋಡಿ ಓದಿದಳು.

“ಐದನೆಯದು?”

“ಆಕ್ಸಿಬ್ಯುಟಿನಿನ್, ಐದು ಮಿಲಿಗ್ರಾಂ. ದಿನಕ್ಕೆ ಮೂರು.”

ಎರಡು ಹೆಸರನ್ನೂ ಮೇಷ್ಟ್ರು ಒಂದರ ಕೆಳಗೊಂದು ಬರೆದರು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಸೊಸೆ ಆರನೆಯ ಪಟ್ಟಿಯನ್ನು ಕೈಯಲ್ಲೇ ಹಿಡಿದು ಕಾದಳು. ಈಗ ನೋಡುತ್ತಾರೆ, ಈಗ ಪೆನ್ನು ನಿಲ್ಲುತ್ತದೆ ಅಂದುಕೊಂಡಳು. ಪೆನ್ನು ನಿಂತಿತು, ಆದರೆ ಆರನೆಯದಕ್ಕಾಗಿ.

“ಏನಮ್ಮಾ, ನಿಂತಲ್ಲೇ ನಿದ್ದೆಯಾ? ಅಂಗಡೀಲಿ ಗಿರಾಕಿಗಳ ಮುಂದೆಯೂ ಹೀಗೇನಾ?”

ಬರೆಯುತ್ತಿದ್ದದ್ದು ಅರ್ಜಿ. ಮರೆವಿನ ಮುದುಕರನ್ನು ಇಟ್ಟುಕೊಳ್ಳುವ ಆಶ್ರಮವೊಂದಕ್ಕೆ ಮೇಷ್ಟ್ರ ಹೆಂಡತಿ ಸೋಮವಾರ ಹೋಗಬೇಕಿತ್ತು. ಯಾವ ಯಾವ ಔಷಧಿ ನಡೆಯುತ್ತಿದೆ ಎಂದು ಅಲ್ಲಿಯವರು ಕೇಳಿದ್ದರು. ಆಕೆ ಅದೇ ಊಟದ ಮೇಜಿನ ಇನ್ನೊಂದು ತುದಿಯಲ್ಲಿ ಕೂತು ಖಾಲಿ ಕುರ್ಚಿಯ ಜೊತೆ ಮಾತಾಡುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ತೀರಿಕೊಂಡ ಅಕ್ಕ ಆ ಕುರ್ಚಿಯಲ್ಲಿ ಕೂತಿದ್ದಾಳೆಂದು ಅವರ ನಂಬಿಕೆ. ಮಾತಿನ ನಡುವೆ ಒಣ ನಾಲಿಗೆ ಅಂಗುಳಿಗೆ ಅಂಟಿ ಟಕ್ಕೆಂದು ಸದ್ದಾಗುತ್ತಿತ್ತು.

ಮೇಷ್ಟ್ರು ವೈದ್ಯಕೀಯ ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ಔಷಧಶಾಸ್ತ್ರ ಪಾಠ ಮಾಡಿದವರು. ಅದರಲ್ಲೂ ಅಸಿಟೈಲ್‌ಕೋಲಿನ್ ಅವರ ಸ್ವಂತ ಆಸ್ತಿ. ನರ ಹೇಳುವ ಮಾತನ್ನು ಮುಂದಕ್ಕೆ ಮುಟ್ಟಿಸುವ ಆ ರಾಸಾಯನಿಕದ ಬಗ್ಗೆ ಚೀಟಿಯಿಲ್ಲದೆ ಎರಡು ಗಂಟೆ ಮಾತಾಡುತ್ತಿದ್ದರು. ಹುಡುಗರು ಅವರಿಗಿಟ್ಟ ಹೆಸರು ಅಟ್ರೋಪಿನ್ ಮೇಷ್ಟ್ರು. ಆ ಔಷಧಿ ಮೈಗೆ ಹೋದರೆ ಬಾಯಿ ಒಣಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ. ಇವರ ಎದುರು ಮೌಖಿಕ ಪರೀಕ್ಷೆಗೆ ಕೂತರೂ ಅಷ್ಟೇ ಆಗುತ್ತಿತ್ತು. ಹೆಸರು ಅವರ ಕಿವಿಗೂ ಬಿದ್ದಿತ್ತು, ಅವರು ಅದನ್ನು ಪ್ರಶಸ್ತಿಯಂತೆ ಸ್ವೀಕರಿಸಿದ್ದರು. ಅಂಥ ಮನುಷ್ಯ.

ಮನೆಯ ಔಷಧಿ ಕಪಾಟಿನ ಬೀಗದ ಕೈ ಅವರ ಜೇಬಿನಲ್ಲೇ ಇರುತ್ತಿತ್ತು. ಸೊಸೆ ಮೆಡಿಕಲ್ ಶಾಪಿನಲ್ಲಿ ದಿನಕ್ಕೆ ಎಂಟು ಗಂಟೆ ಔಷಧಿ ಕೊಡುವವಳು, ಅದಕ್ಕೆ ಓದಿದವಳು. ಆದರೂ ಅತ್ತೆ ಏನು ನುಂಗುತ್ತಿದ್ದಾರೆಂದು ನೋಡುವ ಭಾಗ್ಯ ಅವಳಿಗೆ ಬಂದದ್ದು ಈ ಅರ್ಜಿಯ ದೆಸೆಯಿಂದ, ಮೇಷ್ಟ್ರಿಗೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲವಾದ್ದರಿಂದ.

ನಾಲ್ಕನೆಯ ಮಾತ್ರೆ ಮರೆವಿಗೆ. ಅದು ಶುರುವಾದ ಮೇಲೆ ಆಕೆ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳತೊಡಗಿದರು. ಆ ಮಾತ್ರೆ ಕೆಲವರಿಗೆ ಹಾಗೆ ಮಾಡುತ್ತದೆ. ಇದನ್ನು ಮೇಷ್ಟ್ರು ಎಷ್ಟೋ ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದರು. ತಮ್ಮ ಮನೆಯ ಹಾಸಿಗೆಯಲ್ಲೇ ಆದಾಗ ಮಾತ್ರ ಅವರಿಗೆ ಮೂಗು ಮುಚ್ಚಿಕೊಳ್ಳುವುದೊಂದೇ ಹೊಳೆಯಿತು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹಾಗೆ. ಮೂತ್ರರೋಗದ ಡಾಕ್ಟರಾಗಿದ್ದ ಹಳೆಯ ಶಿಷ್ಯನೊಬ್ಬನಿಗೆ ಫೋನು ಮಾಡಿ, ಬೇರೇನೂ ಹೇಳದೆ ಐದನೆಯದನ್ನು ಬರೆಸಿಕೊಂಡರು. ಹಾಸಿಗೆ ಒಣಗಿತು. ಆಕೆಯ ಬಾಯಿಯೂ ಒಣಗಿತು, ಹೊಟ್ಟೆ ಕಟ್ಟಿತು, ಸತ್ತ ಅಕ್ಕ ಮೂರು ತಿಂಗಳಲ್ಲಿ ಊಟಕ್ಕೆ ಬರತೊಡಗಿದಳು. “ಪೂರ್ತಿ ಅರಳುಮರಳು,” ಎಂದು ಮೇಷ್ಟ್ರು ತೀರ್ಪು ಕೊಟ್ಟರು.

“ಮಾವ, ನಾಲ್ಕು ಐದು ಒಂದ್ಸಲ ಓದಿ ನೋಡಿ,” ಎಂದಳು ಸೊಸೆ.

“ನಾನೇ ಬರೆದದ್ದನ್ನ ನಾನೇನು ಓದೋದು?”

“ನಾಲ್ಕನೆಯದು ಅಸಿಟೈಲ್‌ಕೋಲಿನ್ ಉಳಿಸೋದು. ಐದನೆಯದು ಅದು ಹೋಗಿ ಕೂರೋ ಜಾಗದಲ್ಲಿ ತಾನೇ ಹೋಗಿ ಕೂರೋದು. ಮೂತ್ರಚೀಲದಲ್ಲೂ ಕೂರುತ್ತೆ, ತಲೇಲೂ ಕೂರುತ್ತೆ. ಒಂದು ಕೈಲಿ ಬಡಿಸಿ ಇನ್ನೊಂದು ಕೈಲಿ ತಟ್ಟೆ ಎಳ್ಕೊಂಡ ಹಾಗೆ. ಅತ್ತೆಗೆ ಅರಳುಮರಳು ಹೆಚ್ಚಾಗಿದ್ದು ಇದರಿಂದ್ಲೇ ಇರಬಹುದು.”

ಮೇಷ್ಟ್ರು ನಕ್ಕರು. “ಕೇಳಿದೆಯೇನೋ? ಮಾತ್ರೆ ಎಣಿಸಿ ಕವರಿಗೆ ಹಾಕೋಳು ನನಗೆ ಅಸಿಟೈಲ್‌ಕೋಲಿನ್ ಹೇಳ್ಕೊಡ್ತಾಳೆ!”

ಮಗ ಸೋಫಾದಲ್ಲಿ ಮೊಬೈಲು ಉಜ್ಜುತ್ತಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜಾತಿ. “ಅಪ್ಪಂಗೆ ಗೊತ್ತಿಲ್ದೆ ಇರುತ್ತಾ? ಬಿಡು,” ಎಂದ.

ಸೊಸೆ ಬಿಡಲಿಲ್ಲ. ಅಲ್ಲೇ ನಿಂತು ಮರೆವಿನ ಡಾಕ್ಟರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಆ ಡಾಕ್ಟರೂ ಮೇಷ್ಟ್ರ ಶಿಷ್ಯರೇ.

“ಆಕ್ಸಿಬ್ಯುಟಿನಿನ್ನಾ? ನನ್ನ ಚೀಟೀಲಿ ಇಲ್ವಲ್ಲ!” ಎಂದು ಫೋನು ಕೂಗಿತು. “ಯಾವ ದಡ್ಡ ಕೊಟ್ಟಿದ್ದು? ಅದೂ ನಮ್ಮ ಮೇಷ್ಟ್ರ ಮನೇಲಿ! ಅವರಿಗೇನಾದ್ರೂ ಗೊತ್ತಾದ್ರೆ ಅವನ ಚರ್ಮ ಸುಲಿದುಬಿಡ್ತಾರೆ.”

“ಹೌದು ಡಾಕ್ಟ್ರೇ,” ಎಂದಳು ಸೊಸೆ.

“ಇವತ್ತೇ ನಿಲ್ಸಿ. ಮೂರು ವಾರ ಬಿಟ್ಟು ಕರ್ಕೊಂಡು ಬನ್ನಿ, ಆಶ್ರಮದ ಮಾತು ಆಮೇಲೆ. ಹೋದದ್ದೆಲ್ಲ ವಾಪಸ್ ಬರುತ್ತೆ ಅಂತ ಹೇಳಲ್ಲ. ಅಡ್ಡ ಕೂತಿರೋದು ಎದ್ದರೆ ಎಷ್ಟು ಉಳಿದಿದೆ ಅಂತ ಗೊತ್ತಾಗುತ್ತೆ.”

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಕೊನೆಗೆ ಅವರ ಬಾಯಿಂದ ಬಂದದ್ದು ಒಂದೇ ಮಾತು: “ಮೂರು ವಾರ ಆ ಹಾಸಿಗೆ ಯಾರು ಒಗೀತಾರೆ?”

“ನಾನು,” ಎಂದಳು ಸೊಸೆ.

ಅವಳು ಹಾಸಿಗೆಯ ಮೇಲೆ ರಬ್ಬರ್ ಹಾಳೆ ಹಾಸಿದಳು. ಎರಡು ಗಂಟೆಗೊಮ್ಮೆ ಅತ್ತೆಯನ್ನು ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗುವುದೆಂದು ಗಡಿಯಾರಕ್ಕೆ ಗಂಟೆ ಇಟ್ಟಳು. ಅವಳು ಅಂಗಡಿಗೆ ಹೋದಾಗ ಆ ಕೆಲಸ ಮಗನ ಪಾಲಿಗೆ ಬಂತು. ಹುಟ್ಟಿದ ಮೇಲೆ ಅವನು ಮಾಡಿದ ಮೊದಲ ಉಪಯೋಗದ ಕೆಲಸ ಅದೇ ಇರಬೇಕು. ವಾರ ಕಳೆಯುವುದರೊಳಗೆ ನಾಲಿಗೆಯ ಟಕ್ಕೆನ್ನುವ ಸದ್ದು ನಿಂತಿತು. ಹನ್ನೆರಡನೆಯ ದಿನ ಆಕೆ ಖಾಲಿ ಕುರ್ಚಿಯನ್ನು ಬಹಳ ಹೊತ್ತು ನೋಡಿದರು.

“ಅಕ್ಕ ತೀರ್ಕೊಂಡಳಲ್ವೇನೇ?”

“ಹೌದು ಅತ್ತೆ. ತುಂಬ ವರ್ಷ ಆಯ್ತು.”

ಆಕೆ ಆವತ್ತೇ ಸುದ್ದಿ ಬಂದವರಂತೆ ಮಧ್ಯಾಹ್ನವಿಡೀ ಅತ್ತರು. ಸೊಸೆಗೂ ಅಳು ತಡೆಯಲಾಗಲಿಲ್ಲ. ಇದ್ದೊಬ್ಬ ಅಕ್ಕನನ್ನು ತಾನೇ ಎಬ್ಬಿಸಿ ಕಳಿಸಿದೆನಲ್ಲ ಎಂದು ಸಂಕಟವಾಯಿತು. ಮೇಷ್ಟ್ರು ಬಾಗಿಲಲ್ಲಿ ನಿಂತು, “ಇದೇನಾ ನಿನ್ನ ಇಂಪ್ರೂವ್‌ಮೆಂಟು?” ಎಂದು ಕೇಳಿ ಹೋದರು.

ಆಮೇಲಿನ ವಾರ ಆಕೆ ಪೇಪರಿನ ದಪ್ಪಕ್ಷರ ಓದತೊಡಗಿದರು, ಸಾರಿಗೆ ಉಪ್ಪು ಸಾಲದು ಎಂದರು. ಸುಧಾರಣೆ ಕಣ್ಣಿಗೆ ಕಾಣುವಷ್ಟಾದಾಗ ಅದಕ್ಕೆ ಒಬ್ಬ ಒಡೆಯನೂ ಹುಟ್ಟಿಕೊಂಡ. ಮೇಷ್ಟ್ರು ನಡುಮನೆಯಲ್ಲಿ ಕೂತು ಹಳೆಯ ಸಹೋದ್ಯೋಗಿಗೆ ಫೋನಿನಲ್ಲಿ ಹೇಳುತ್ತಿದ್ದರು: “ಆ ಹುಡುಗ ಹಿಂದೆ ಮುಂದೆ ನೋಡ್ದೆ ಆಕ್ಸಿಬ್ಯುಟಿನಿನ್ ಬರೆದುಬಿಟ್ಟಿದ್ದ. ಪಟ್ಟಿ ಮಾಡ್ತಾ ಕೂತಾಗ ನನಗೆ ಥಟ್ ಅಂತ ಹೊಳೀತು. ನಾನೇ ನಿಲ್ಲಿಸಿದೆ. ಮೂವತ್ತನಾಲ್ಕು ವರ್ಷದ ಕಣ್ಣಲ್ವಾ!” ಬಿದ್ದರೂ ಮೀಸೆ ಮಣ್ಣಾಗಬಾರದು.

ಬಟಾಣಿ ಸುಲಿಯುತ್ತಿದ್ದ ಹೆಂಡತಿಯ ಕೈ ನಿಂತಿತು. “ನನ್ನ ಎಲ್ಲಿಗೋ ಕಳಿಸೋಕೆ ಒಂದು ಕಾಗದ ಬರೆದಿದ್ದರಲ್ಲ, ತಂದುಕೊಡು,” ಎಂದರು ಸೊಸೆಗೆ.

ಸೊಸೆ ಅನುಮಾನಿಸಿ ತಂದುಕೊಟ್ಟಳು. ಔಷಧಿಯ ಪಟ್ಟಿ ಮುಗಿದ ಮೇಲೆ ‘ಸ್ವಭಾವ’ ಎಂದು ಅಚ್ಚಾದ ಜಾಗದಲ್ಲಿ ಅದೇ ಮುತ್ತಿನಂಥ ಅಕ್ಷರದಲ್ಲಿ ಬರೆದಿತ್ತು: ಗಲೀಜು. ಹಠ. ಹೇಳಿದ್ದು ಅರ್ಥವಾಗುವುದಿಲ್ಲ. ಆಕೆ ಅದನ್ನು ಬೆರಳಿಟ್ಟು ಎರಡು ಸಲ ಓದಿದರು. ಮಡಿಸಿ ವಾಪಸು ಕೊಟ್ಟು ಬಟಾಣಿ ಸುಲಿಯುವುದಕ್ಕೆ ಕೂತರು.

ಮೂರು ವಾರಕ್ಕೆ ಸರಿಯಾಗಿ ಎಲ್ಲರೂ ಡಾಕ್ಟರ ಕೋಣೆಯಲ್ಲಿದ್ದರು. ಮೇಷ್ಟ್ರನ್ನು ಕಂಡು ಡಾಕ್ಟರು ಎದ್ದು ನಿಂತು, ದೊಡ್ಡ ಕುರ್ಚಿ ಎಳೆದುಕೊಟ್ಟು, ಮೂವತ್ತು ಅಂಕದ ಪ್ರಶ್ನೆಪತ್ರಿಕೆ ತೆಗೆದರು. ಆಕೆ ವರ್ಷ ಸರಿಯಾಗಿ ಹೇಳಿದರು, ತಾರೀಖು ಒಂದು ದಿನ ತಪ್ಪಿತು. ನೂರರಿಂದ ಏಳೇಳು ಕಳೆಯುತ್ತ ಎಪ್ಪತ್ತೊಂಬತ್ತರವರೆಗೆ ಇಳಿದು ಸಾಕೆಂದರು. ನೆನಪಿಡಲು ಕೊಟ್ಟ ಮೂರು ಪದಗಳಲ್ಲಿ ಎರಡು ನೆನಪಿದ್ದವು. ಹೋದ ಸಲ ಹನ್ನೊಂದು ಬಂದಿತ್ತು, ಈ ಸಲ ಇಪ್ಪತ್ತೆರಡು. ಆಶ್ರಮದ ಮಾತು ಸದ್ಯಕ್ಕೆ ಬೇಡವೇ ಬೇಡ ಎಂದರು ಡಾಕ್ಟರು. ಸೊಸೆಯ ಎದೆಯ ಮೇಲಿನ ಕಲ್ಲು ಇಳಿಯಿತು.

“ಕೊನೇದು ಅಮ್ಮ, ಇದಕ್ಕೆ ಅಂಕ ಇಲ್ಲ, ಮನೆಯವರ ಗುರುತು ಅಷ್ಟೆ,” ಎಂದು ಡಾಕ್ಟರು ಸೊಸೆಯತ್ತ ಕೈ ತೋರಿಸಿದರು. “ಇವರು ಯಾರು?”

“ನನ್ನ ಸೊಸೆ.”

ಡಾಕ್ಟರು ಸರಿ ಗುರುತು ಹಾಕಿ ಮೇಷ್ಟ್ರ ಕಡೆ ತಿರುಗಿದರು. “ಇವರು?”

ಮೇಷ್ಟ್ರು ನೆಟ್ಟಗೆ ಕೂತು, ಉತ್ತರ ಬರಲಿ ಎಂದು ಪ್ರೋತ್ಸಾಹಿಸುವ ನಗೆ ನಕ್ಕರು. ಅಂಥ ನಗೆಯನ್ನು ಅವರು ಯಾವ ವಿದ್ಯಾರ್ಥಿಗೂ ಕೊಟ್ಟವರಲ್ಲ. ಆಕೆ ಅವರನ್ನು ತಲೆಯಿಂದ ಕಾಲಿನವರೆಗೆ ಅವಸರವಿಲ್ಲದೆ ನೋಡಿದರು.

“ಇವರು ನಿಮ್ಮ ಮೇಷ್ಟ್ರು.”

“ಸರಿ. ಇವರು ನಿಮಗೇನಾಗಬೇಕು?”

ಆಕೆ ಕುರ್ಚಿಯ ಕೆಳಗೆ ಕಾಲಿನಿಂದ ಚಪ್ಪಲಿ ಹುಡುಕಿ ಮೆಟ್ಟಿಕೊಂಡರು. ಸೊಸೆಯ ಕಡೆ ಕೈ ಚಾಚಿದರು. “ನಡಿಯಮ್ಮ, ಎರಡು ಗಂಟೆ ಆಯ್ತು ಅನ್ಸುತ್ತೆ. ಇಲ್ಲಿ ಟಾಯ್ಲೆಟ್ ಎಲ್ಲಿದೆಯೋ ಕೇಳು.”

ಇಬ್ಬರೂ ಮೆಲ್ಲಗೆ ಹೊರಗೆ ಹೋದರು, ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಡಾಕ್ಟರ ಪೆನ್ನು ಕೊನೆಯ ಚೌಕದ ಮೇಲೆ ಹಾಗೇ ನಿಂತಿತ್ತು. ಮೇಷ್ಟ್ರು ಪೆನ್ನನ್ನೇ ನೋಡುತ್ತ ಕೂತಿದ್ದರು.