ಎರಡು ಮುಕ್ಕಾಲು ಇಂಚು

ನಾಲ್ಕನೇ ಗುಂಡಿ ಮುಗಿಸಿ ಐದನೆಯದಕ್ಕೆ ಸೂಜಿ ಚುಚ್ಚುವಾಗ ಅವಳಿಗೆ ನಗು ಬಂತು. ಗುಂಡಿ ಹಾಕುತ್ತಿದ್ದಳು ನಿಜ, ಆದರೆ ಆ ಗುಂಡಿಗೆ ಕೆಲಸವೇ ಇರಲಿಲ್ಲ. ಬಿಳಿ ಅಂಗಿಯ ಕಾಜಾಗಳನ್ನೆಲ್ಲ ಹೊಲಿದು ಬಾಯಿ ಮುಚ್ಚಿಸಿ, ಅವುಗಳ ಮೇಲೆಯೇ ಗುಂಡಿ ಕೂರಿಸುತ್ತಿದ್ದಳು. ಒಳಗಡೆ, ಕಣ್ಣಿಗೆ ಬೀಳದ ಹಾಗೆ, ಮಕ್ಕಳ ಬೂಟಿಗೆ ಹಾಕುತ್ತಾರಲ್ಲ, ಆ ಅಂಟುಪಟ್ಟಿ. ಎರಡೂ ಅಂಚನ್ನು ಅಂಗೈಯಿಂದ ಒತ್ತಿದರೆ ಅಂಗಿ ಮುಚ್ಚಿಕೊಳ್ಳುತ್ತಿತ್ತು. ನೋಡುವವರಿಗೆ ಆರು ಗುಂಡಿಯ ಮಾಮೂಲಿ ಶಾಲೆಯ ಅಂಗಿ.

ಅಂಗಿ ಒಬ್ಬ ಹದಿನೇಳರ ಹುಡುಗನದು, ಅವನಿಗೆ ಹೊಲಿಯುತ್ತಿದ್ದ ಇಂಥ ಎರಡನೆಯದು. ಅವಳು ಮನಸ್ಸಿನಲ್ಲೇ ಅವನಿಗೆ ಗುಂಡಿ ಹುಡುಗ ಎಂದು ಹೆಸರಿಟ್ಟಿದ್ದಳು. ಅವನಿಗೆ ಬೆರಳ ಗೆಣ್ಣುಗಳು ಊದಿಕೊಳ್ಳುವ ಕಾಯಿಲೆ. ಬೆಳಿಗ್ಗೆ ಎದ್ದರೆ ಬೆರಳುಗಳು ಒಣ ಸೌದೆಯ ಹಾಗೆ ಸೆಟೆದುಕೊಂಡಿರುತ್ತಿದ್ದವು, ಮೋಡ ಕವಿದ ದಿನವಂತೂ ಸಂಜೆಯವರೆಗೂ ಬಗ್ಗುತ್ತಿರಲಿಲ್ಲ. ಮೊದಲ ಸಲ ಅಂಗಡಿಗೆ ಬಂದಾಗ ಹೇಳಿದ್ದ: "ಮುದುಕರ ಕಾಯಿಲೆ ಆಂಟಿ. ನನಗೆ ಅಡ್ವಾನ್ಸ್ ಕೊಟ್ಟುಬಿಟ್ಟಿದ್ದಾರೆ. ಅಮ್ಮ ದಿನಾ ಗುಂಡಿ ಹಾಕಿ ಕಳಿಸ್ತಾಳೆ, ನಾಚಿಕೆ ಆಗುತ್ತೆ. ಏನಾದ್ರೂ ಮಾಡಿ. ಯಾರಿಗೂ ಹೇಳಬೇಡಿ."

ಅವಳು ಮಾಡಿಕೊಟ್ಟಳು. ಜೊತೆಗೆ ಅವನ ಚೀಲದ ಜಿಪ್ಪಿಗೂ ಒಂದು ಬಟ್ಟೆಯ ಕುಣಿಕೆ ಹಾಕಿ, ಬೆರಳು ತೂರಿಸಿ ಎಳೆಯುವ ಹಾಗೆ ಮಾಡಿದಳು. ಅದಕ್ಕಾಗಿ ಅವನ ತೋರುಬೆರಳ ದಪ್ಪ ಗೆಣ್ಣಿಗೆ ಟೇಪು ಸುತ್ತಿ ಅಳತೆ ಪುಸ್ತಕದಲ್ಲಿ ಬರೆದುಕೊಂಡಿದ್ದಳು: ಎರಡು ಮುಕ್ಕಾಲು ಇಂಚು. ಇಪ್ಪತ್ತು ವರ್ಷದ ಕಸುಬಿನಲ್ಲಿ ಎದೆ, ಸೊಂಟ, ತೋಳು ಎಲ್ಲ ಅಳೆದಿದ್ದಳು. ಬೆರಳು ಅಳೆದದ್ದು ಅದೇ ಮೊದಲು.

ಯಾರಿಗೂ ಹೇಳುವ ಪ್ರಶ್ನೆಯೇ ಇರಲಿಲ್ಲ. ಹೊಲಿಗೆ ಕಲಿಸಿದ ಚಿಕ್ಕಮ್ಮ ಎರಡು ಮಾತನ್ನು ತಲೆಗೆ ಕುಟ್ಟಿ ಕುಟ್ಟಿ ಕೂರಿಸಿದ್ದಳು. ದಾರವನ್ನು ಹಲ್ಲಿನಿಂದ ಕಚ್ಚಬಾರದು, ಕತ್ತರಿ ಇರುವುದು ಯಾತಕ್ಕೆ? ಒಬ್ಬರ ಅಳತೆ ಇನ್ನೊಬ್ಬರ ಕಿವಿಗೂ ಹೋಗಬಾರದು, ಇನ್ನೊಬ್ಬರ ಬಟ್ಟೆಗೂ ಹೋಗಬಾರದು.

ಅದೇ ಚಿಕ್ಕಮ್ಮ ಇನ್ನೊಂದು ಮಾತನ್ನೂ ಹೇಳಿದ್ದಳು. ಏಳು ವರ್ಷದ ಹಿಂದೆ, ಮಗಳಿಗೆ ಒಂಬತ್ತು ತುಂಬಿದಾಗ, ರಕ್ತದಲ್ಲಿ ಸಕ್ಕರೆ ಎಂದು ಡಾಕ್ಟರು ಹೇಳಿ, ಇನ್ನು ಜೀವಮಾನವಿಡೀ ಊಟಕ್ಕೆ ಮೊದಲು ಸೂಜಿ ಎಂದಾಗ: "ಹೆಣ್ಣು ಹುಡುಗಿ ಕಣೇ. ಊರಿಗೆಲ್ಲ ಡಂಗುರ ಹೊಡೀಬೇಡ." ಅವಳು ಹೊಡೆಯಲಿಲ್ಲ. ಮಗಳ ಕೋಟಿನ ಲೈನಿಂಗಿನೊಳಗೆ ಒಂದು ಜೇಬು ಹೊಲಿದಳು. ಸಕ್ಕರೆ ಇಳಿದಾಗ ತಿನ್ನುವ ಮಿಠಾಯಿ, ಇನ್ಸುಲಿನ್ ಪೆನ್ನು, ಪರೀಕ್ಷೆ ಮಾಡುವ ಪುಟ್ಟ ಯಂತ್ರ ಎಲ್ಲ ಅದರಲ್ಲಿ. ಬಾಯಿಗೆ ಮೂರು ಸಣ್ಣ ಹುಕ್ಕು. ಹೊರಗಿನಿಂದ ಉಬ್ಬು ಕೂಡ ಕಾಣಿಸದು. ವರ್ಷಕ್ಕೊಂದು ಕೋಟು, ಕೋಟಿಗೊಂದು ಕಳ್ಳಜೇಬು. ಶಾಲೆಯಲ್ಲಿ ಟೀಚರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವಳ ಕೈಯಿಂದ ಅದಕ್ಕಿಂತ ಅಚ್ಚುಕಟ್ಟಾದ ಕೆಲಸ ಇನ್ನೊಂದು ಬಂದಿರಲಿಲ್ಲ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮಗಳು ಅಂಗಡಿಯಲ್ಲಿ ಕೂರುತ್ತಿದ್ದಳು. ಅದೇ ಹೊತ್ತಿಗೆ ಸರಿಯಾಗಿ ಗುಂಡಿ ಹುಡುಗನೂ ಹಾಜರಾಗುತ್ತಿದ್ದ, ಪ್ರತಿ ವಾರ, ಒಂದು ಗುಂಡಿ ಉದುರಿದೆ ಎಂದು.

"ಮಹಾರಾಜರ ಗುಂಡಿ ಮತ್ತೆ ರಾಜೀನಾಮೆ ಕೊಟ್ಟಿತಾ?" ಮಗಳು ಕೇಳುವಳು.

"ನಿನ್ನ ಮುಖ ನೋಡಿ ಉದುರಿತು, ಮಿಠಾಯಿ ಡಬ್ಬಿ." ಒಮ್ಮೊಮ್ಮೆ ಅವಳ ದವಡೆಯಲ್ಲಿ ಮಿಠಾಯಿ ಕಂಡು ಅವನಿಟ್ಟ ಹೆಸರು ಅದು.

"ಚೀಲ ಕೂಡ ನಾನೇ ಎತ್ತಿಕೊಡಬೇಕಾ? ಕೈಯೇನು ಬೆಣ್ಣೇಲಿ ಮಾಡಿದ್ದಾರಾ?"

"ಎತ್ತಿಕೊಡು. ಪ್ರಜೆಗಳ ಧರ್ಮ ಅದು."

ಅವಳು ಮಿಷನ್ನಿನ ಹಿಂದೆ ತಲೆ ತಗ್ಗಿಸಿಕೊಂಡು ಕೇಳಿಸಿಕೊಳ್ಳುತ್ತಿದ್ದಳು. ಅವನು ತಂದ ಅಂಗಿಯಲ್ಲಿ ಉಳಿದ ದಾರದ ತುದಿ ನೋಡಿದರೆ ಸಾಕು, ಗುಂಡಿ ಸವೆದು ಬಿದ್ದದ್ದೋ ಬೇರೆಯೋ ದರ್ಜಿಗೆ ತಿಳಿಯುತ್ತದೆ. ಸವೆದ ದಾರ ಎಳೆಎಳೆಯಾಗಿ ಬಿಚ್ಚಿರುತ್ತದೆ. ಇದು ಚಪ್ಪಟೆಯಾಗಿ ತುಂಡಾಗಿತ್ತು. ಹುಡುಗ ಹಲ್ಲಿನಿಂದ ಕಚ್ಚಿ ಕಿತ್ತುಕೊಂಡು ಬರುತ್ತಿದ್ದ! ಮೊದಲ ಸಲ ಅದು ಗೊತ್ತಾದ ದಿನ ಅವಳು ಅಂಗಡಿಯ ಹಿಂದಿನ ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕಿದ್ದಳು. ಆಮೇಲೆ ನಗು ನಿಂತಿತ್ತು. ಇಬ್ಬರದೂ ಗುಟ್ಟು ಅವಳ ಕೈಯಲ್ಲಿತ್ತು. ಇಬ್ಬರಿಗೂ ಇನ್ನೊಬ್ಬರದು ಗೊತ್ತಿರಲಿಲ್ಲ.

ಈ ವಾರ ಮಗಳ ಗುಟ್ಟು ಅವಳಿಗೆ ಭಾರವಾಗಿತ್ತು. ಇಬ್ಬರೂ ಓದುವ ಶಾಲೆಯವರು ಸಮುದ್ರ ತೀರದ ದೀಪಸ್ತಂಭಕ್ಕೆ ಎರಡು ದಿನದ ಪ್ರವಾಸ ಹೊರಡಿಸಿದ್ದರು. ಹುಡುಗ ಆಗಲೇ ಹೆಸರು ಕೊಟ್ಟಿದ್ದ. ಒಪ್ಪಿಗೆ ಚೀಟಿ ಮೇಜಿನ ಮೇಲೆ ದೊಡ್ಡ ಕತ್ತರಿಯ ಕೆಳಗಿತ್ತು. ಸೋಮವಾರ ಕಡೆಯ ದಿನ. ಗಂಡ "ನೀನು ಹೇಳಿದ ಹಾಗೆ" ಎನ್ನುವ ಮನುಷ್ಯ, ಹೆಂಡತಿಯ ಮಾತಿಗೆ ಮೊಹರು ಹಾಕುವುದಷ್ಟೇ ಅವನ ಕೆಲಸ. ಇದುವರೆಗೆ ಒಂದು ಪ್ರವಾಸಕ್ಕೂ ಅವಳು ಮಗಳನ್ನು ಕಳಿಸಿರಲಿಲ್ಲ. "ಈ ಸಲವೂ ಇಲ್ಲ ಅಂದರೆ ನಾನು ನಿನ್ನ ಹತ್ತಿರ ಕೇಳೋದನ್ನೇ ಬಿಟ್ಟುಬಿಡ್ತೀನಿ," ಎಂದಿದ್ದಳು ಮಗಳು, ಕೂಗದೆ. ಕೂಗಿದ್ದರೆ ಚೆನ್ನಾಗಿತ್ತು.

ಆರನೇ ಗುಂಡಿ ಮುಗಿಸಿ ಅಂಗಿ ಮಡಚಿಡುವಷ್ಟರಲ್ಲಿ ಮಗಳು ಬಂದಳು, ಒಳಗೆ ಹೋಗಿ ಸೂಜಿ ಚುಚ್ಚಿಕೊಂಡು, ಊಟದ ತಟ್ಟೆ ಹಿಡಿದು ಮೇಜಿಗೆ ಬಂದಳು. ಹುಡುಗ ಮೆಟ್ಟಿಲು ಹತ್ತುವುದು ಕಂಡದ್ದೇ ತಟ್ಟೆಯನ್ನು ಬಟ್ಟೆಯ ರಾಶಿಯ ಹಿಂದೆ ಸರಿಸಿದಳು. "ಊಟ ಮಾಡು," ಎಂದಳು ತಾಯಿ. "ಮಾಡ್ತೀನಮ್ಮಾ, ನೀನು ಹೋಗಿ ದಾರ ತಗೊಂಡು ಬಾ."

ದಾರದ ಅಂಗಡಿ ಎರಡು ಬೀದಿ ಆಚೆ. ನೀಲಿಯಲ್ಲಿ ನಾಲ್ಕು ಬಣ್ಣ ತೋರಿಸಿ ಅಂಗಡಿಯವನು ತಡ ಮಾಡಿದ. ವಾಪಸು ಬರುವಾಗ ಮೋಡ ಇಳಿದಿತ್ತು. ಅಂಗಡಿಯ ಬಾಗಿಲ ಹತ್ತಿರ ಅವಳು ನಿಂತಳು. ಒಳಗೆ ಜಗಳದ ಸದ್ದಿರಲಿಲ್ಲ. ಹದಿಹರೆಯದವರ ಮೌನ ಕೇಳಿದ ತಾಯಿ ಏನು ಮಾಡುತ್ತಾಳೆ? ಅವಳೂ ಜೋರಾಗಿ ಕೆಮ್ಮಿ, ಚಪ್ಪಲಿ ಸದ್ದು ಮಾಡಿ ಒಳಗೆ ಕಾಲಿಟ್ಟಳು.

ಮಗಳು ಮೇಜಿನ ಕಾಲಿಗೆ ಒರಗಿ ನೆಲದ ಮೇಲೆ ಕುಳಿತಿದ್ದಳು. ಹಣೆಯೆಲ್ಲ ಬೆವರು, ಕೈ ನಡುಗುತ್ತಿತ್ತು. ಅವಳ ಮುಂದೆ ಮಂಡಿಯೂರಿದ್ದ ಹುಡುಗನ ಬಾಯಲ್ಲಿ ಕೋಟಿನ ಲೈನಿಂಗಿನ ತುಂಡು ನೇತಾಡುತ್ತಿತ್ತು. ನೆಲದ ತುಂಬ ಮಿಠಾಯಿ. ಒಂದು ಮಗಳ ದವಡೆಯಲ್ಲಿತ್ತು, ಅವಳು ಅಗಿಯುತ್ತಿದ್ದಳು.

ಹುಡುಗ ಬಟ್ಟೆಯನ್ನು ಉಗಿದು ಅಳುಕಿನಿಂದ, ಸಿಟ್ಟಿನಿಂದ ಎಂದ: "ಎಂಥಾ ಹೊಲಿಗೆ ಆಂಟಿ ಇದು! ಜೇಬು ಜೇಬು ಅಂತ ತಡಕಾಡ್ತಿದ್ದಾಳೆ, ಅವಳ ಕೈಗೂ ಬರಲ್ಲ, ನನ್ನ ಕೈಗೂ ಬರಲ್ಲ. ಜೇಬಾ ಇದು, ಖಜಾನೆಯಾ?"

ದಾರದ ಉಂಡೆಗಳು ಕೈಯಿಂದ ಜಾರಿ ಬೀದಿಯ ಕಡೆ ಉರುಳಿದವು. ಅವಳು ಇನ್ನೆರಡು ಮಿಠಾಯಿ ತಿನ್ನಿಸಿ, ಬೆರಳಿನಿಂದ ಹನಿ ರಕ್ತ ತೆಗೆದು ನೋಡಿದಳು. ಕಾಲು ಗಂಟೆ ಬಿಟ್ಟು ಮತ್ತೆ ನೋಡಿದಳು. ಅಂಕಿ ಏರಿತ್ತು. ಮಗಳು ತಟ್ಟೆ ಎಳೆದುಕೊಂಡು ತಣ್ಣಗಾದ ಊಟ ತಿನ್ನತೊಡಗಿದಳು. ತಾಯಿ ಬಾಗಿಲ ಹತ್ತಿರ ದಾರದ ಉಂಡೆ ಹೆಕ್ಕುತ್ತಾ ಬೆನ್ನು ತಿರುಗಿಸಿ ಕುಳಿತಳು.

"ಹಲ್ಲಲ್ಲಿ ಯಾಕೆ ಹರಿದೆ?" ಮಗಳ ದನಿ ಇನ್ನೂ ಸೊರಗಿತ್ತು. "ಕೈ ಇರಲಿಲ್ವಾ?"

ಹುಡುಗ ಹತ್ತೂ ಬೆರಳನ್ನು ಅವಳ ಮುಂದೆ ಚಾಚಿದ. "ಇದೆ. ಇಂಥ ದಿನ ಕೆಲಸಕ್ಕೆ ಬರಲ್ಲ." ಮಾತು ಸಾಲದೆಂದೋ ಏನೋ, ಅಂಗಿಯ ಅಂಚನ್ನು ಹೊರಕ್ಕೆ ಎಳೆದ. ಚರ್ ಎಂದು ಆರು ಗುಂಡಿಯೂ ಒಟ್ಟಿಗೆ ಬಿಟ್ಟುಕೊಂಡವು, ಒಳಗಿನ ಬನಿಯನ್ ಕಂಡಿತು.

ಮಗಳು ತುತ್ತು ಕೈಯಲ್ಲೇ ಹಿಡಿದು ನೋಡಿದಳು. ಆಮೇಲೆ ನಗು ಶುರುವಾಯಿತು, ಇಬ್ಬರಿಗೂ, ಕಣ್ಣಲ್ಲಿ ನೀರು ಬರುವಷ್ಟು.

"ನಾನು ಊಟ ಮಾಡದೆ ಕೂತಿದ್ದು ನಿನ್ನಿಂದ," ಮಗಳು ಎಂದಳು. "ಸೂಜಿ ಹಾಕಿದ ಮೇಲೆ ತಿನ್ನಲೇಬೇಕು. ಗಡಿಯಾರ ನೋಡ್ಕೊಂಡು ತಿನ್ನೋಳು ಅಂತ ನಿನಗೆ ಗೊತ್ತಾಗಬಾರದು ಅಂತ..."

"ಇನ್ಮೇಲೆ ತಿನ್ನು. ನಾನು ಪಕ್ಕದಲ್ಲಿ ಕೂತು ಗಡಿಯಾರ ನೋಡ್ತೀನಿ."

"ಸರಿ. ಅದಿರಲಿ, ಅದು ಹಾಕಿ ಬಿಚ್ಚೋ ಗುಂಡಿಯೇ ಅಲ್ಲ ಅಂದ್ಮೇಲೆ ವಾರವಾರ ಉದುರ್ತಿದ್ದದ್ದು ಹೇಗೆ?"

ತಾಯಿ ಉಂಡೆಗೆ ದಾರ ಸುತ್ತುತ್ತಲೇ ಇದ್ದಳು.

"ಉದುರಲಿಲ್ಲ," ಎಂದ ಹುಡುಗ. ಅವನ ಕಿವಿ ಕೆಂಪಾದದ್ದು ಬಾಗಿಲ ಗಾಜಿನಲ್ಲೂ ಕಾಣಿಸಿತು.

ಅವನು ಹೋದ ಮೇಲೆ ಮಗಳು ಹರಿದ ಕೋಟನ್ನು ತಂದು ಮಿಷನ್ನಿನ ಮೇಲಿಟ್ಟಳು. "ಈಗಂತೂ ಪ್ರವಾಸ ಇಲ್ಲ ಅಂತೀಯ."

"ಅವನಿಗಾದರೂ ಮೊದಲೇ ಹೇಳಬಾರದಿತ್ತಾ?"

"ಜೇಬನ್ನ ಒಳಗಿಟ್ಟಿದ್ದು ನೀನು ತಾನೇ ಅಮ್ಮ." ಚುಚ್ಚಬೇಕೆಂದು ಆಡಿದ ಮಾತಲ್ಲ. ಅದಕ್ಕೇ ಆಳಕ್ಕೆ ಇಳಿಯಿತು. "ಈ ಸಲ ಹೊರಗೇ ಹಾಕು," ಎಂದು ಹೇಳಿ ಒಳಗೆ ಹೋದಳು.

ಭಾನುವಾರ ಮಧ್ಯಾಹ್ನ ಅವಳು ಕೋಟು ಹಿಡಿದು ಕುಳಿತಳು. ಬೇಡವೆನ್ನಲು ಅವಳಿಗೆ ಈಗ ಬೇಕಾದಷ್ಟು ಕಾರಣವಿತ್ತು. ಮನೆಯಲ್ಲೇ ಹೀಗಾಯಿತು, ಸಮುದ್ರದ ಹತ್ತಿರ ಆದರೆ? ಆದರೆ ಮನೆಯಲ್ಲಿ ಆದಾಗ ತಾನೆಲ್ಲಿದ್ದೆ? ನೀಲಿ ದಾರ ಆರಿಸುತ್ತಿದ್ದೆ. ಮಗಳನ್ನು ಕಾಪಾಡಿದ್ದು ತನ್ನ ಅಚ್ಚುಕಟ್ಟಾದ ಹೊಲಿಗೆಯಲ್ಲ, ಅದನ್ನು ಹರಿದ ಹಲ್ಲು.

ಲೈನಿಂಗಿನ ಮೇಲೆ ಹಲ್ಲಿನ ಗುರುತು ಇನ್ನೂ ಇತ್ತು. ಅದನ್ನು ಕತ್ತರಿಸಿ ತೆಗೆದಳು. ಎದೆಯ ಮೇಲೆ, ಹೊರಗಡೆ, ಅಗಲವಾದ ಜೇಬು ಕೂರಿಸಿದಳು. ಹುಕ್ಕಿನ ಬದಲು ಜಿಪ್ಪು. ಜಿಪ್ಪಿನ ತುದಿಗೆ ಬಂದಾಗ ಕೈ ನಿಂತಿತು. ಅಳತೆ ಪುಸ್ತಕ ತೆರೆದು ಹುಡುಗನ ಪುಟ ಹುಡುಕಿದಳು. ಚಿಕ್ಕಮ್ಮ ನೆನಪಾದಳು. ನೆನಪಾಗಲಿ ಎಂದುಕೊಂಡಳು. ಎರಡು ಮುಕ್ಕಾಲು, ಸಡಿಲಕ್ಕೆ ಇನ್ನರ್ಧ. ಬಟ್ಟೆಯ ಪಟ್ಟಿ ಕತ್ತರಿಸಿ, ಮಡಚಿ, ಕುಣಿಕೆ ಹೊಲಿದು ಎರಡು ಸಲ ಗಟ್ಟಿ ಮಾಡಿದಳು. ತನ್ನ ಬೆರಳು ತೂರಿಸಿ ಎಳೆದು ನೋಡಿದಳು. ಅವಳ ಬೆರಳಿಗೆ ಅದು ತೀರಾ ದೊಡ್ಡದು.

"ಏನು ಮಾಡ್ತಿದ್ದೀಯಮ್ಮಾ?" ಒಳಗಿನಿಂದ ಮಗಳು ಕೂಗಿದಳು.

"ಕೋಟು," ಎಂದಳು.

ಮಿಷನ್ನಿನ ಚಕ್ರಕ್ಕೆ ಕೈ ಕೊಟ್ಟು ನಿಲ್ಲಿಸಿ, ಕತ್ತರಿಯ ಕೆಳಗಿನ ಚೀಟಿ ಎಳೆದು ಸಹಿ ಹಾಕಿದಳು. ಮತ್ತೆ ಅದೇ ಜಾಗದಲ್ಲಿ ಮಡಚಿಟ್ಟು ಮೇಲೆ ಕತ್ತರಿ ಇಟ್ಟಳು. ಉಳಿದ ದಾರದ ತುದಿ ಕಣ್ಣಿಗೆ ಬಿತ್ತು. ಬಗ್ಗಿ ಅದನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದಳು.