ಮರ್ವಿನ್ ಸಿಗರೇಟು ಹಚ್ಚಿರಲಿಲ್ಲ

ಬೋಟಿಗೆ ಹೊಸ ಎಂಜಿನ್ ಬೇಕು ಅಂತ ಅಂಗಡಿಗೆ ಹೋದರೆ ರೇಟು ಕೇಳಿಯೇ ತಲೆ ತಿರುಗುತ್ತದೆ. ಅತ್ತ ಗುಜರಿಯಲ್ಲಿ ಹಿಂಬದಿ ಜಜ್ಜಿಹೋದ ಕಾರು ಬಿದ್ದಿರುತ್ತದೆ, ಎಂಜಿನ್ ಮಾತ್ರ ಹೊಸದರ ಹಾಗೆ ಉಂಟು. ಯಾರಿಗೆ ಆಸೆ ಆಗುವುದಿಲ್ಲ ಹೇಳಿ? ನಮಗೂ ಆಯಿತು.

ನಾನು ಲೋಕನಾಥ. ಪಡೀಲಿನಲ್ಲಿ ನನ್ನ ಗ್ಯಾರೇಜು, ಮೂವತ್ತು ವರ್ಷದಿಂದ ಕಾರಿನ ಕೆಲಸ. ಬಜಪೆಯ ಮರ್ವಿನ್ ನನ್ನ ದೋಸ್ತಿ. ಅವನೂ ದೋಹಾದಲ್ಲಿ ಕೆಲಸದಲ್ಲಿರುವ ಅವನ ಅಣ್ಣ ವಾಲ್ಟರೂ ಸೇರಿ ಎರಡು ಸ್ಪೀಡ್ ಬೋಟು ತೆಗೆದುಕೊಂಡಿದ್ದರು. ಕುಳೂರು ಹೊಳೆಯಲ್ಲಿ ಭಾನುವಾರ ಜನರನ್ನು ಸುತ್ತಾಡಿಸುವ ಯೋಚನೆ. ಎರಡಕ್ಕೂ ಈಗಿನ ಪೆಟ್ರೋಲ್ ಕಾರಿನ ಎಂಜಿನ್ ಕೂರಿಸಿದ್ದು ನಾನೇ.

ಮರ್ವಿನ್ ಮನೆಯ ಪಕ್ಕದಲ್ಲಿ ವಿಲ್ಲಿ ಪೊರ್ಬುಗಳ ಮನೆ. ಕ್ರಿಶ್ಚಿಯನ್ ಹಿರಿಯರನ್ನು ನಮ್ಮ ಕಡೆ ಪೊರ್ಬುಗಳು ಅನ್ನುವುದು. ಇಪ್ಪತ್ತು ವರ್ಷ ಬಹರೈನಿನಲ್ಲಿ ಬೋಟು ರಿಪೇರಿ ಮಾಡಿ ಬಂದವರು. ಒಂದು ದಿನ ಬಂದು ಎಂಜಿನ್ ಬಗ್ಗಿ ನೋಡಿದರು.

"ಲೋಕನಾಥ, ಈ ಸ್ಟಾರ್ಟರ್ ಕಾರಿನದ್ದಾ?"

"ಕಾರಿನ ಎಂಜಿನಿಗೆ ಕಾರಿನದ್ದೇ. ಮತ್ತೆ ವಿಮಾನದ್ದು ಹಾಕ್ಲಿಕ್ಕೆ ಆಗ್ತದಾ ಪೊರ್ಬುಗಳೇ?"

"ಬೇಡ ಮಾರಾಯ. ಕಾರಿನ ಅಡಿ ಖಾಲಿ. ಪೆಟ್ರೋಲ್ ಸೋರಿದ್ರೂ ಗಾಳಿಗೆ ಹೋಗ್ತದೆ. ಬೋಟು ಬಾಲ್ದಿಯ ಹಾಗೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅಡಿಯಲ್ಲೇ ಕೂತಿರ್ತದೆ. ಸ್ಟಾರ್ಟರ್ ತಿರುಗುವಾಗ ಒಳಗೆ ಕಿಡಿ ಹಾರ್ತದೆ. ಬೋಟಿಗೆಂದೇ ಮಾಡಿದ ಸ್ಟಾರ್ಟರ್, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸಿಗ್ತದೆ. ಅದರ ಕಿಡಿ ಹೊರಗಿನ ಆವಿಗೆ ತಾಗುವುದಿಲ್ಲ. ಆವಿ ಹೊರಗೆ ಎಳೀಲಿಕ್ಕೆ ಒಂದು ಬ್ಲೋವರ್ ಸಹ ಬೇಕು."

"ಪೈಪೆಲ್ಲ ನಾನೇ ಟೈಟ್ ಮಾಡಿದ್ದೇನೆ. ಎಲ್ಲಿಂದ ಸೋರುವುದು?"

"ಈಗಿನ ಎಂಜಿನಿನಲ್ಲಿ ಪೆಟ್ರೋಲ್ ಎಷ್ಟು ಪ್ರೆಶರಿನಲ್ಲಿ ಹೋಗ್ತದೆ ಅಂತ ನಿನಗೆ ಗೊತ್ತುಂಟು. ನೀರಿನಲ್ಲಿ ಬೋಟು ದಡದಡ ಹಾರುವಾಗ ಒಂದು ಕ್ಲಿಪ್ ಸಡಿಲಾದ್ರೆ ಸಾಕು."

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. "ಗಲ್ಫಿನ ಕಥೆ ಗಲ್ಫಿನಲ್ಲೇ ಇರ್ಲಿ" ಅಂದೆ. ಪಕ್ಕದಲ್ಲಿ ನಿಂತಿದ್ದ ಮರ್ವಿನ್ ನಕ್ಕ. ವಿಲ್ಲಿ ಪೊರ್ಬುಗಳು ಮನೆಗೆ ಹೋದರು.

ನಾಲ್ಕು ಸಲ ಟ್ರಯಲ್ ನೋಡಿದೆವು. ಎಂಜಿನ್ ಮುಚ್ಚಳ ತೆಗೆದೇ ಓಡಿಸಿದ್ದು, ಏನೂ ಆಗಲಿಲ್ಲ. ಆಮೇಲೆ ಮರ್ವಿನ್ ಬೋಟಿನ ಆಶೀರ್ವಾದದ ದಿನ ಬಂತು. ಹೊಸ ಮನೆ, ಹೊಸ ಗಾಡಿ, ಏನಿದ್ದರೂ ಫಾದರ್ ಬಂದು ಪ್ರಾರ್ಥನೆ ಮಾಡಿ ತೀರ್ಥ ಚಿಮುಕಿಸಬೇಕು, ಅದು ಅವರ ಕ್ರಮ. ಬೆಳಿಗ್ಗೆಯೇ ಬೋಟು ಹೊಳೆಗಿಳಿಸಿ ಟ್ಯಾಂಕ್ ಫುಲ್ ಮಾಡಿದ್ದೆವು. ಮರ್ವಿನ್‌ನ ಹೆಂಡತಿ ಗ್ಲ್ಯಾಡಿಸ್ ಬಾಯಿ ಬೋಟಿಗೆ ಬಂದು ಮೂಗು ಮುಚ್ಚಿಕೊಂಡರು.

"ಲೋಕಣ್ಣ, ಪೆಟ್ರೋಲ್ ವಾಸನೆ ಬರ್ತದಲ್ಲ! ಫಾದರ್ ಇಲ್ಲೇ ನಿಲ್ಲುವುದು. ಎಂತ ಮಾಡುವುದು ಈಗ?"

ವಾಸನೆ ಎಲ್ಲಿಂದ ಅಂತ ಹುಡುಕಬೇಕಿತ್ತು. ನಾನು ಎಂತ ಮಾಡಿದೆ ಗೊತ್ತುಂಟಾ? ಮುಚ್ಚಳ ಹಾಕಿದೆ. ಗಾಳಿ ಆಡುವ ಎರಡು ಕಿಂಡಿಗೂ ಟೇಪು ಸುತ್ತಿದೆ. ಮೇಲೆ ಕಾರ್ಪೆಟ್ ಹಾಸಿ ಹೂಕುಂಡ ಇಟ್ಟೆ. ವಾಸನೆ ನಿಂತಿತು. "ಲೋಕಣ್ಣ ಇದ್ರೆ ಚಿಂತೆ ಇಲ್ಲ" ಅಂದರು ಗ್ಲ್ಯಾಡಿಸ್ ಬಾಯಿ. ನನಗೆ ಖುಷಿಯೋ ಖುಷಿ.

ಪ್ರಾರ್ಥನೆ ಮುಗಿದು ಎಲ್ಲರೂ ದಡಕ್ಕೆ ಬಂದು ಕೇಕು ತಿನ್ನುತ್ತಿದ್ದರು. ಮರ್ವಿನ್ ನನ್ನ ಕಿವಿಯಲ್ಲಿ, "ಫಾದರ್ ಹೊರಡುವ ಮೊದಲು ಒಂದ್ಸಲ ಸ್ಟಾರ್ಟ್ ಮಾಡಿ ತೋರಿಸ್ತೇನೆ" ಅಂದು ಒಬ್ಬನೇ ಬೋಟು ಹತ್ತಿದ. ನಾನು ತಲೆ ಆಡಿಸಿದೆ. ಟೇಪಿನ ನೆನಪೇ ಆಗಲಿಲ್ಲ.

ಅಯ್ಯೋ ದೇವರೇ, ಆ ಶಬ್ದ! ಮುಚ್ಚಳ ಹಾರಿ ಹೊಳೆಗೆ ಬಿತ್ತು. ಮರ್ವಿನ್ ಉರಿಯುತ್ತಾ ನೀರಿಗೆ ಹಾರಿದ. ಎಳೆದು ತಂದೆವು, ಆಸ್ಪತ್ರೆಗೆ ಸೇರಿಸಿದೆವು. ಪೂರ್ತಿ ಎಚ್ಚರ ಬಾರದೆಯೇ ಆರನೇ ದಿನ ತೀರಿಕೊಂಡ.

ಅವನು ಬೋಟಿನಲ್ಲಿ ಎಂತ ಮಾಡಿದ ಅಂತ ಯಾರೂ ನೋಡಿರಲಿಲ್ಲ. ಅದೇ ದಿನ ಯಾರೋ ಒಬ್ಬರು, "ಸಿಗರೇಟು ಹಚ್ಚಿರಬೇಕು" ಅಂದರು. ಮರ್ವಿನ್ ಮೊದಲು ಸೇದುತ್ತಿದ್ದ, ಮಗಳು ಒಲಿವಿಯಾಳಿಗೆ ಮಾತು ಕೊಟ್ಟು ಬಿಟ್ಟಿದ್ದ. ಮಾತು ಒಬ್ಬರಿಂದ ಒಬ್ಬರಿಗೆ ಹೋಗಿ ಊರಿಗೆಲ್ಲ ಅದೇ ಸತ್ಯವಾಯಿತು. ಸತ್ತವನು ಎದ್ದು ಬಂದು ಅಲ್ಲ ಅನ್ನುತ್ತಾನಾ? ನಿಜ ಗೊತ್ತಿದ್ದವನು ನಾನೊಬ್ಬ. ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಹೇಡಿ ನಾನು.

ವಾಲ್ಟರನ ಬೋಟು ಟರ್ಪಾಲಿನ ಅಡಿಯಲ್ಲಿ ಹಾಗೇ ಇತ್ತು. ವರ್ಷ ತುಂಬುವಾಗ ವಾಲ್ಟರ್ ದೋಹಾದಿಂದ ರಜೆಯಲ್ಲಿ ಬಂದ. ಭಾನುವಾರ ಚರ್ಚಿನಲ್ಲಿ ಮರ್ವಿನ್‌ನ ವರ್ಷದ ಪೂಜೆ. ಅದು ಮುಗಿಸಿ ಮನೆಯವರೆಲ್ಲ ಆ ಬೋಟಿನಲ್ಲಿ ಹೋಗಿ ಹೊಳೆಗೆ ಹೂ ಬಿಡುವುದು ಅಂತ ತೀರ್ಮಾನ ಮಾಡಿದ. ಬ್ಯಾಟರಿ ಚಾರ್ಜ್ ಮಾಡಿ ತರಲು ನನಗೆ ಫೋನು ಬಂತು.

ಶನಿವಾರ ಸಂಜೆ ಬ್ಯಾಟರಿ ಹಿಡಿದುಕೊಂಡು ಬಜಪೆಗೆ ಹೋದೆ. ಅಂಗಳದಲ್ಲಿ ವಿಲ್ಲಿ ಪೊರ್ಬುಗಳು ವಾಲ್ಟರನ ಹತ್ತಿರ ವಾದ ಮಾಡುತ್ತಿದ್ದರು.

"ಅದು ಕಾರಿನ ಎಂಜಿನ್, ವಾಲ್ಟರ್. ಒಂಬತ್ತು ಜನ ಹತ್ತುವುದು ಬೇಡ."

"ಎಂಜಿನಿಗೆ ಎಂತ ಆಗಿದೆ ಅಂಕಲ್? ಮರ್ವಿನ್ ಸಿಗರೇಟು ಸೇದಿದ, ಹೋದ. ನಮ್ಮಲ್ಲಿ ಸೇದುವವರು ಯಾರೂ ಇಲ್ಲ." ಅಷ್ಟರಲ್ಲಿ ನನ್ನನ್ನು ನೋಡಿದ. "ಫಿಟ್ ಮಾಡಿದವನೇ ಬಂದ ನೋಡಿ. ಲೋಕನಾಥ, ನೀನೇ ಹೇಳು. ತೊಂದರೆ ಏನಾದ್ರೂ ಉಂಟಾ?"

ಗ್ಲ್ಯಾಡಿಸ್ ಬಾಯಿ ಬಾಗಿಲಿಗೆ ಬಂದು ನಿಂತರು. ಒಲಿವಿಯಾ ಮೆಟ್ಟಿಲಲ್ಲಿ ನಾಳೆಯ ಹೂ ಕಟ್ಟುತ್ತಾ ಕೂತಿದ್ದಳು. ಬ್ಯಾಟರಿ ಕೆಳಗಿಟ್ಟೆ.

"ಉಂಟು. ಮರ್ವಿನ್ ಸಿಗರೇಟು ಹಚ್ಚಲಿಲ್ಲ. ಎಂಜಿನ್ ಸ್ಟಾರ್ಟ್ ಮಾಡ್ತೇನೆ ಅಂತ ನನಗೆ ಹೇಳಿಯೇ ಹೋದ. ಪೆಟ್ರೋಲ್ ಸೋರ್ತಾ ಇತ್ತು. ಕಿಂಡಿಗೆ ಟೇಪು ಹಾಕಿದವ ನಾನು. ಆವಿ ಒಳಗೆ ತುಂಬಿತ್ತು, ಸ್ಟಾರ್ಟರಿನ ಕಿಡಿಗೆ ಹೊತ್ತಿಕೊಂಡಿತು. ಇವರು ಮೊದಲೇ ಹೇಳಿದ್ರು, ನಾನು ಕೇಳಲಿಲ್ಲ. ನಿಮ್ಮ ಬೋಟಿನಲ್ಲೂ ಅದೇ ಸ್ಟಾರ್ಟರ್ ಉಂಟು. ಹತ್ತಬೇಡಿ ವಾಲ್ಟರ್."

ವಾಲ್ಟರ್ ಹೊಡೆಯಲು ಕೈ ಎತ್ತಿದ. ವಿಲ್ಲಿ ಪೊರ್ಬುಗಳು ಹಿಡಿದರು. "ನನ್ನ ಮಕ್ಕಳನ್ನು ಕೂರಿಸ್ತಿದ್ದೆನಲ್ಲ ಅದರಲ್ಲಿ!" ಅಂದು ಅವನು ನೆಲದಲ್ಲೇ ಕುಸಿದು ಕೂತ.

"ಒಂದು ವರ್ಷ, ಲೋಕಣ್ಣ" ಅಂದರು ಗ್ಲ್ಯಾಡಿಸ್ ಬಾಯಿ.

ಒಲಿವಿಯಾ ನನ್ನ ಹತ್ತಿರ ಬಂದಳು. "ಡ್ಯಾಡಿ ನಿಜವಾಗಿಯೂ ಸಿಗರೇಟು ಸೇದಿರ್ಲಿಲ್ವಾ?"

"ಇಲ್ಲ ಮಗಾ."

"ಆಸ್ಪತ್ರೆಯಲ್ಲಿ ಡ್ಯಾಡಿ ನನ್ನ ಹೆಸರು ಕರೀತಿದ್ರು. ಪ್ರಾಮಿಸ್ ಮಾಡಿ ಮೋಸ ಮಾಡಿದ್ರು ಅಂತ ಸಿಟ್ಟು ನನಗೆ. ಆರು ದಿನವೂ ನಾನು ಒಳಗೆ ಹೋಗ್ಲೇ ಇಲ್ಲ."

ಆ ಆರು ದಿನ ಅವಳಿಂದ ಕಿತ್ತುಕೊಂಡದ್ದೂ ನನ್ನ ಬಾಯಿಯ ಬೀಗವೇ.

ಮರುದಿನ ಅವರು ದಡದಲ್ಲೇ ನಿಂತು ಹೂ ಬಿಟ್ಟರು. ಬೋಟು ಹತ್ತಲಿಲ್ಲ. ಸೋಮವಾರ ವಿಲ್ಲಿ ಪೊರ್ಬುಗಳು ನಿಂತು ನೋಡುವಾಗ ವಾಲ್ಟರ್ ಎಂಜಿನ್ ಕೆಳಗಿಳಿಸಿದ. ಬೋಟಿನ ಸಾಮಾನು ಹಾಕಿ, ತಪಾಸಣೆ ಆಗಿ, ಓಡಿಸಬಹುದು ಅಂತ ಕಾಗದ ಕೈಗೆ ಬರುವವರೆಗೆ ನೀರಿಗಿಳಿಸುವುದಿಲ್ಲ ಅಂದಿದ್ದಾನೆ. ಗ್ಲ್ಯಾಡಿಸ್ ಬಾಯಿ ನನ್ನ ಹತ್ತಿರ ಈವರೆಗೆ ಮಾತಾಡಿಲ್ಲ. ಮಾತಾಡಬೇಕು ಅಂತ ಕೇಳುವ ಮುಖ ನನಗೂ ಇಲ್ಲ.

ಬೋಟು ಇಟ್ಟುಕೊಂಡವರೇ, ಕಾರಿನ ಎಂಜಿನ್ ಹಾಕಲೇಬಾರದು ಅಂತ ನಾನು ಹೇಳುವುದಿಲ್ಲ. ಬೋಟಿನ ಕೆಲಸ ಕಲಿತವರ ಕೈಯಲ್ಲೇ ಮಾಡಿಸಿ. ಸ್ಟಾರ್ಟರ್, ಆಲ್ಟರ್ನೇಟರ್, ಪೆಟ್ರೋಲ್ ಪಂಪು, ಪೈಪು ಎಲ್ಲ ಬೋಟಿನದ್ದೇ ಇರಲಿ. ಉಪ್ಪುನೀರು ನೇರ ಎಂಜಿನಿನೊಳಗೆ ಹೋದರೆ ಅದು ತುಕ್ಕು ತಿಂದು ಹೋಗುತ್ತದೆ, ಹೊಗೆ ಪೈಪು ತಣಿಯದಿದ್ದರೆ ಬೆಂಕಿ. ಅದನ್ನೂ ಕೇಳಿ ನೋಡಿ. ಪೆಟ್ರೋಲ್ ಹಾಕುವಾಗ ಜನರನ್ನು ಇಳಿಸಿ. ಪ್ರತಿ ಸಲ ಸ್ಟಾರ್ಟ್ ಮಾಡುವ ಮೊದಲು ಮುಚ್ಚಳ ತೆಗೆದು ಮೂಗಿನಲ್ಲಿ ವಾಸನೆ ನೋಡಿ, ನಾಲ್ಕು ನಿಮಿಷ ಬ್ಲೋವರ್ ಓಡಿಸಿ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಎಲ್ಲರೂ ದಡಕ್ಕೆ ಬನ್ನಿ. ಗಾಳಿಯ ಕಿಂಡಿ ಯಾರ ಮರ್ಯಾದೆಗೂ ಮುಚ್ಚಬೇಡಿ, ಫಾದರ್ ಇರಲಿ, ಭಟ್ಟರಿರಲಿ.

ನನ್ನ ಹಾಗೆ ಕಾರಿನ ಎಂಜಿನ್ ಬೋಟಿಗೆ ಕೂರಿಸಿ ಕೊಟ್ಟ ಮೆಕ್ಯಾನಿಕ್ ಯಾರಾದರೂ ಇದನ್ನು ಕೇಳುತ್ತಿದ್ದರೆ, ನಾಚಿಕೆ ಬಿಟ್ಟು ಈಗಲೇ ಆ ಮನೆಗೆ ಫೋನು ಮಾಡಿ. ಭಾನುವಾರ ಅವರ ಮಕ್ಕಳು ಅದರಲ್ಲಿ ಕೂರುತ್ತಾರೆ.