ಹೊಸ್ತಿಲಿನ ಮರ

“ಮೂಸಿ ಹೇಳೇ, ಕತ್ತೆಮುಂಡೆ! ಮೂಗು ಕೊಟ್ಟಿರೋದು ಬರೀ ನೆಗಡಿಗಾ?”

ಸಾಹುಕಾರ ಎಸೆದ ತುಂಡು ನನ್ನ ಮೊಣಕಾಲಿಗೆ ಬಡಿಯಿತು. ಮೂಸಿದೆ. ಧೂಳು, ಇಲಿಯ ಉಚ್ಚೆ. “ಬೇವು” ಅಂದೆ.

ತಗಡಿನ ನೆರಳಲ್ಲಿ ಸ್ಟೂಲಿನ ಮೇಲೆ ಕೂತಿದ್ದ ನನ್ನ ಮೈದುನನ ಹೆಂಡತಿ ಅದನ್ನು ಚಾಕುವಿನಿಂದ ಕೆರೆದು, ಎಂಜಲು ಹಚ್ಚಿ, ಮೂಗಿಗೆ ಹಿಡಿದಳು. “ಹಲಸು. ಒಳಗೆ ಹಳದಿ ಇದೆ ನೋಡಕ್ಕಾ.”

ಅಕ್ಕ ಅಂತೆ, ಅಕ್ಕ.

ಕೆಡವಿದ ಮನೆಗಳ ಮರ ಈ ಡಿಪೋಗೆ ಬರುತ್ತದೆ. ಬಣ್ಣ ಮೆತ್ತಿದ ಮರದ ಜಾತಿ ಸಾಹುಕಾರನಿಗೆ ತಿಳಿಯದು. ಅವಳು ಒಳ್ಳೆಯದೆಂದದ್ದು ಗೋದಾಮಿಗೆ, ಉಳಿದದ್ದು ನನ್ನ ಕೊಡಲಿಗೆ. ಹುಳ ಹಿಡಿದದ್ದನ್ನು ಮಾತ್ರ ನಾವು ಒಲೆಗೆ ಒಯ್ಯಬಹುದು. ನನ್ನ ಅಂಗೈ ಬೊಬ್ಬೆ, ಅವಳದು ಬೆಣ್ಣೆ. ಅತ್ತೆಗೂ ಅವಳೇ ಬೇಕಿತ್ತು. ಹೊಸ್ತಿಲ ಮೇಲೆ ಕೂತು ಅವಳ ತಲೆ ಬಾಚುತ್ತಿದ್ದಳು. ನನ್ನ ಕಡೆಗೆ ಬಾಚಣಿಗೆ ಎಸೆಯುತ್ತಿದ್ದಳು.

ಇವತ್ತಿನ ಲಾರಿ ನಮ್ಮ ಓಣಿಯದು, ಹೋದ ವಾರ ಯಂತ್ರ ನುಗ್ಗಿ ನೆಲಸಮ ಮಾಡಿದ್ದು. ನೀಲಿ ಬಣ್ಣದ ಹೊಸ್ತಿಲೊಂದು ದಡಾರನೆ ಬಿತ್ತು. ಒಂದು ತುದಿಯಲ್ಲಿ ಗುಳಿ. ಹಲ್ಲಿಲ್ಲದ ಅತ್ತೆ ಕಡಲೆ ಕುಟ್ಟಿ ಕುಟ್ಟಿ ಮಾಡಿದ ಗುಳಿ.

ವಾರಗಿತ್ತಿ ಕೆರೆದಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮೂಸಿದಳು. “ಮಾವು. ಹುಳ ತಿಂದಿದೆ,” ಅಂದಳು, ಮುಖ ಎತ್ತದೆ.

ಅದು ತೇಗ. ಅತ್ತೆ ಊರಿಗೆಲ್ಲ ಹೇಳಿಕೊಂಡು ಮೆರೆದ ತೇಗ. ಕಳ್ಳಿ, ಸಂಜೆ ಅದನ್ನು ಹೊಸದಾಗಿ ಹಾಕಿಕೊಂಡ ತನ್ನ ಗುಡಿಸಲಿಗೆ ಹೊರುತ್ತಾಳೆ. ಸತ್ತ ಅತ್ತೆಯನ್ನೂ ತಾನೊಬ್ಬಳೇ ಇಟ್ಟುಕೊಳ್ಳುತ್ತಾಳೆ. ನಾನೊಂದು ಮಾತಾಡಿದರೆ ಆ ಸ್ಟೂಲು ನನ್ನದು.

“ಇಷ್ಟು ಭಾರದ ಮಾವಾ?” ಸಾಹುಕಾರ ಅದನ್ನು ಕಾಲಿನಿಂದ ಒದ್ದ. “ಏಯ್ ಕತ್ತೆ, ನೀ ಹೇಳೇ.”

ಅವಳು ಚಾಕುವನ್ನು ಸೆರಗಿಗೆ ಒರೆಸುತ್ತಲೇ ಇದ್ದಳು. ಅತ್ತೆಯ ಗುಳಿಯ ಮೇಲೆ ಅವನ ಚಪ್ಪಲಿ.

“ಮಾವೇ. ನೀರು ಕುಡಿದಿದೆ, ಅದಕ್ಕೇ ಭಾರ.”

“ಹಾಗಾದ್ರೆ ಕಡಿ, ನೋಡೋಣ.”

ಕಡಿದೆ. ನಟ್ಟನಡುವೆ, ಹೊಟ್ಟೆಯ ಉರಿಯನ್ನೆಲ್ಲ ಸೇರಿಸಿ. ವಾರಗಿತ್ತಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹೊಸ್ತಿಲು ಎರಡಾಯಿತು, ತೇಗದ ಎಣ್ಣೆವಾಸನೆ ಅಂಗಳ ತುಂಬಿತು. ಒಂದು ತುಂಡನ್ನು ಅವಳ ತಲೆಗೆ ಹೊರಿಸಿದೆ, ಇನ್ನೊಂದನ್ನು ನಾನು ಹೊತ್ತೆ.

“ಏಯ್, ತೇಗ ಕಣ್ರೇ ಅದು! ಇಳಿಸ್ರೇ, ಕಳ್ಳಮುಂಡೇರಾ!”

“ನಮ್ಮನೆ ಹೊಸ್ತಿಲು ಸಾಹುಕಾರ್ರೇ. ದಾಟಿ ಬನ್ನಿ ನೋಡೋಣ,” ಅಂದೆ. ಇನ್ನೊಂದು ಕೈಯಲ್ಲಿ ಕೊಡಲಿ ಹಾಗೇ ಇತ್ತು.

ಅವನು ಬರಲಿಲ್ಲ, ಕಾವಲುಗಾರನನ್ನು ಕೂಗತೊಡಗಿದ. “ಬೇಗ ನಡಿ ಅಕ್ಕಾ,” ಎಂದು ವಾರಗಿತ್ತಿ ಮುಂದಾದಳು.

ಗೇಟು ದಾಟಿದ ಮೇಲೆ ಕಂಡಿತು: ಗುಳಿ ಇದ್ದ ತುಂಡು ಅವಳ ತಲೆಯ ಮೇಲಿತ್ತು.